ಟರ್ಬೊ ಡೀಸೆಲ್ ಫೋರ್ ಬೈ ಫೋರ್: ಇಂಜಿನ್ ಉಳಿಸಲು ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಹೊಸ ಥಾರ್ ತಗೊಂಡವರು, ಹಳೆಯ ಫಾರ್ಚೂನರ್ ಇಟ್ಟುಕೊಂಡವರು, ಎಸ್ಟೇಟಿಗೆಂದು ಪಿಕಪ್ ಕೊಂಡವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಅಲಾರಂ ಹಾಕಿಸಲಾ, ಎಕ್ಸಾಸ್ಟ್ ಬಿಸಿ ತೋರಿಸುವ ಇಜಿಟಿ ಗೇಜ್ ಹಾಕಿಸಲಾ, ಡೀಸೆಲ್‌ಗೆ ಎರಡನೇ ಫಿಲ್ಟರ್ ಬೇಕಾ, ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ ಬೇಕಾ, ಆಯಿಲ್ ಆವಿ ಹಿಡಿಯುವ ಕ್ಯಾಚ್ ಕ್ಯಾನ್ ಬೇಕಾ? ಆಕ್ಸೆಸರಿ ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಬೇಕು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಯಾವುದೂ ಬೇಡ, ಹಾಕಿಸಿದರೆ ವಾರಂಟಿ ಹೋಗುತ್ತೆ. ಎರಡು ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡೀಸೆಲ್ ಇಂಜಿನ್ ಕಾರಣವಿಲ್ಲದೆ ಸಾಯುವುದಿಲ್ಲ. ಸಾಯುವ ಮುಂಚೆ ಎಲ್ಲೋ ಒಂದು ಕಡೆ ಸೂಚನೆ ಕೊಟ್ಟಿರುತ್ತದೆ, ಆದರೆ ಅದು ನಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದಿಲ್ಲ. ಆದ್ದರಿಂದ ನಿಮ್ಮ ಓಡಾಟದಲ್ಲಿ ಬರಬಹುದಾದ ತೊಂದರೆಯನ್ನು ಯಾವುದು ಎಲ್ಲಕ್ಕಿಂತ ಬೇಗ ಹೇಳುತ್ತದೋ, ಅದಕ್ಕೆ ಮೊದಲ ದುಡ್ಡು.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಒಂದು, ಈ ಸಾಮಾನು ಯಾವ ಕಾಯಿಲೆಗೆ? ಆ ಕಾಯಿಲೆ ನಿಮ್ಮ ಗಾಡಿಗೆ ಬರುವ ಸಾಧ್ಯತೆ ಎಷ್ಟು? ಬೆಂಗಳೂರಿನ ಒಳಗೇ ದಿನಕ್ಕೆ ಎಂಟು ಕಿಲೋಮೀಟರ್ ಓಡಿಸುವವರಿಗೆ ಎಕ್ಸಾಸ್ಟ್ ಬಿಸಿಯ ಗೇಜಿನಿಂದ ಏನೂ ಲಾಭವಿಲ್ಲ.

ಎರಡು, ಅದು ಎಷ್ಟು ಮೊದಲು ಎಚ್ಚರಿಸುತ್ತದೆ? ನಿಮಿಷಗಳ ಮುಂಚೆ ಹೇಳಿದರೆ ಗಾಡಿ ಬದಿಗೆ ಹಾಕಬಹುದು. ಸೆಕೆಂಡುಗಳ ಮುಂಚೆ ಹೇಳಿದರೆ ಆ ಹೊತ್ತಿಗೆ ಅರ್ಧ ಕೆಲಸ ಕೆಟ್ಟಾಗಿರುತ್ತದೆ.

ಮೂರು, ಹಾಕಿಸಲು ಏನನ್ನು ಕತ್ತರಿಸಬೇಕು, ಎಲ್ಲಿ ತೂತು ಕೊರೆಯಬೇಕು? ವಾರಂಟಿ ಇರುವ ಗಾಡಿಗೆ ಇದು ದೊಡ್ಡ ಪ್ರಶ್ನೆ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಆ ಸಾಮಾನೇ ಹೊಸ ತೊಂದರೆಯಾಗಬಹುದಾ? ಪ್ರತಿ ಹೊಸ ಜಾಯಿಂಟೂ ಸೋರುವ ಒಂದು ಹೊಸ ಜಾಗ. ಬೆಲೆ ನೋಡುವುದು ಇವೆಲ್ಲ ಆದ ಮೇಲೆ.

ಬಿಸಿ: ಮೂರು ದಾರಿ, ಮೂರಕ್ಕೂ ಬೇರೆ ಬೇರೆ ಕಣ್ಣು

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬಿ ಕೂತವರೇ ಜಾಸ್ತಿ. ಆದರೆ ಈಗಿನ ಬಹಳಷ್ಟು ಗಾಡಿಗಳಲ್ಲಿ ಆ ಮುಳ್ಳು ನಿಜವಾದ ಏರಿಳಿತ ತೋರಿಸುವುದೇ ಇಲ್ಲ. ಕೂಲೆಂಟ್ 80 ಡಿಗ್ರಿ ಇದ್ದಾಗಲೂ ಮಧ್ಯದಲ್ಲಿ, 100ರ ಹತ್ತಿರ ಹೋದಾಗಲೂ ಮಧ್ಯದಲ್ಲಿ. ಓಡಿಸುವವರು ಸುಮ್ನೆ ಗಾಬರಿಯಾಗಬಾರದು ಅಂತ ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಮುಳ್ಳು ಮೇಲೇಳುವ ಹೊತ್ತಿಗೆ ಇಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಲು ಶುರುವಾಗಿರಬಹುದು. ಆಮೇಲೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲು), ಹೆಡ್ ಫೇಸಿಂಗ್ (ಹೆಡ್ ಮತ್ತೆ ಸಮ ಮಾಡಿಸುವುದು), ಗ್ರಹಚಾರ ಕೆಟ್ಟಿದ್ದರೆ ಫುಲ್ ಇಂಜಿನ್ ಕೆಲಸ. ಬಿಲ್ಲು ಲಕ್ಷ ದಾಟುವುದು ಕಷ್ಟವೇನಲ್ಲ.

ಇದಕ್ಕಿಂತ ಕೆಟ್ಟ ತೊಂದರೆ ಇನ್ನೊಂದಿದೆ. ಚಾರ್ಮಾಡಿ ಘಾಟಿ ಹತ್ತುವಾಗ ಹೋಸ್ ಒಡೆದು ನೀರೆಲ್ಲ ಸೋರಿಹೋಯಿತು ಅಂದುಕೊಳ್ಳಿ. ಸೆನ್ಸರ್ ಇರುವುದು ಕೂಲೆಂಟಿನ ಬಿಸಿ ಅಳೆಯಲು. ಅದರ ತುದಿಗೆ ಕೂಲೆಂಟೇ ತಾಗದಿದ್ದರೆ ಅದು ಗಾಳಿಯನ್ನೋ ಹಬೆಯನ್ನೋ ಅಳೆಯುತ್ತದೆ. ಹೆಡ್ ಸುಡುತ್ತಿದ್ದರೂ ಮುಳ್ಳು ಆರಾಮಾಗಿ ನಿಂತಿರಬಹುದು, ಕೆಳಗೂ ಇಳಿಯಬಹುದು. ಓವರ್‌ಹೀಟ್ ಆಗಿ ಇಂಜಿನ್ ಸೀಜ್ ಆದ ಮೇಲೂ "ಮುಳ್ಳು ಸರಿಯಾಗೇ ಇತ್ತಲ್ಲ ಸಾರ್" ಅನ್ನುವ ಡ್ರೈವರ್ ಸುಳ್ಳು ಹೇಳುತ್ತಿರುವುದಿಲ್ಲ.

ಮೊದಲ ದಾರಿ ಒಬಿಡಿ ಡಾಂಗಲ್, ಅಂದರೆ ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ಕಳಿಸುವ ಸಣ್ಣ ಸಾಧನ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡರೆ ನಿಜವಾದ ಡಿಗ್ರಿ ಕಾಣುತ್ತದೆ. ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಏನನ್ನೂ ಕತ್ತರಿಸಬೇಕಿಲ್ಲ, ಸರ್ವಿಸಿಗೆ ಬಿಡುವ ಮುಂಚೆ ಕಿತ್ತಿಟ್ಟರೆ ಆಯಿತು. ರೇಡಿಯೇಟರ್ ಕಟ್ಟಿಕೊಂಡಿರುವುದು, ಫ್ಯಾನ್ ಕ್ಲಚ್ ಸೋತಿರುವುದು, ರೇಡಿಯೇಟರಿನ ರೆಕ್ಕೆಗಳಲ್ಲಿ ಕೆಸರು ತುಂಬಿರುವುದು, ಹೀಗೆ ನಿಧಾನವಾಗಿ ಬೆಳೆಯುವ ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಸಮತಟ್ಟು ರಸ್ತೆಯಲ್ಲಿ ನಿಮ್ಮ ಗಾಡಿ ಎಷ್ಟರಲ್ಲಿ ನಿಲ್ಲುತ್ತದೆ, ಘಾಟಿಯಲ್ಲಿ ಎಷ್ಟಕ್ಕೆ ಹೋಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಅದೇ ಘಾಟಿ, ಅದೇ ಲೋಡು, ಆದರೆ ಹೋದ ವರ್ಷಕ್ಕಿಂತ ಎಂಟು ಹತ್ತು ಡಿಗ್ರಿ ಜಾಸ್ತಿ ಅಂದರೆ ಮೆಕ್ಯಾನಿಕ್ ಹತ್ತಿರ ಹೋಗುವ ಸಮಯ. ಆದರೆ ಡಾಂಗಲ್ ಓದುವುದು ಕಂಪನಿಯ ಅದೇ ಸೆನ್ಸರನ್ನು. ನೀರು ದಿಢೀರ್ ಖಾಲಿಯಾದರೆ ಇದೂ ಕುರುಡೇ.

ಎರಡನೆಯದು ಕೂಲೆಂಟ್ ಮಟ್ಟದ ಅಲಾರಂ. ಕೂಲೆಂಟ್ ಕಮ್ಮಿಯಾದ ಕೂಡಲೇ, ಇಂಜಿನ್ ಬಿಸಿಯಾಗುವ ಮುಂಚೆಯೇ ಬಜ್ಜರ್ ಕೂಗುತ್ತದೆ. ಎಚ್ಚರಿಕೆಯ ಸಮಯದ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಇದರಲ್ಲಿ ಎರಡು ಬಗೆ. ಮೇಲಿನ ರೇಡಿಯೇಟರ್ ಹೋಸ್ ಕತ್ತರಿಸಿ ನಡುವೆ ಸೆನ್ಸರ್ ಕೂರಿಸುವುದು ಒಂದು. ಕೂಲೆಂಟ್ ಡಬ್ಬಿಗೆ ಹೊರಗಿನಿಂದಲೇ ಅಂಟಿಸುವ ಸೆನ್ಸರ್ ಇನ್ನೊಂದು. ಹೋಸ್ ಕತ್ತರಿಸುವುದು ನನಗೆ ಅಷ್ಟು ಇಷ್ಟವಿಲ್ಲ. ಸೋರಿಕೆ ಹಿಡಿಯಲೆಂದು ಎರಡು ಹೊಸ ಕ್ಲಿಪ್ಪು ಹಾಕಿ, ಅವೇ ಸೋರಿದರೆ ಏನು ಹೇಳೋಣ? ಅಂಟಿಸುವ ಬಗೆಗೆ ಸೆನ್ಸರ್, ಬಜ್ಜರ್, ವೈರಿಂಗ್ ಸೇರಿ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಎರಡು ಮೂರು ಸಾವಿರದೊಳಗೆ ಮುಗಿಸಬಹುದು. ಇಂಜಿನ್ ಬದಿಯ ಬಿಸಿ ತಡೆಯುವಂಥ ಸೆನ್ಸರನ್ನೇ ಕೇಳಿ. ಕಲ್ಲು ದಾರಿಯಲ್ಲಿ ಡಬ್ಬಿಯ ನೀರು ಕುಲುಕುತ್ತದೆ, ಆಗ ಸುಳ್ಳು ಅಲಾರಂ ಬರುತ್ತದೆ. ಕೆಲವು ಸೆಕೆಂಡು ತಡವಾಗಿ ಕೂಗುವಂತೆ ಟೈಮರ್ ಇದ್ದರೆ ಆ ಕಿರಿಕಿರಿ ತಪ್ಪುತ್ತದೆ.

ಇಲ್ಲೊಂದು ಮುಖ್ಯ ವಿಷಯ. ನಿಮ್ಮ ಡಬ್ಬಿ ಒತ್ತಡದ್ದೋ, ಅಲ್ಲವೋ ನೋಡಿ. ಬಿಗಿ ಮುಚ್ಚಳ ಡಬ್ಬಿಯ ಮೇಲೆಯೇ ಇದ್ದರೆ ಅದು ಒತ್ತಡದ ಡಬ್ಬಿ, ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತದೆ. ಮುಚ್ಚಳ ರೇಡಿಯೇಟರಿನ ಮೇಲಿದ್ದು, ಪಕ್ಕದಲ್ಲಿ ಸಾದಾ ಬಾಟಲಿ ಇದ್ದರೆ ನಂಬಬೇಡಿ. ರೇಡಿಯೇಟರ್ ಖಾಲಿಯಾಗಿದ್ದರೂ ಆ ಬಾಟಲಿಯಲ್ಲಿ ನೀರು ಹಾಗೇ ನಿಂತಿರಬಹುದು. ಹಳೆಯ ಜೀಪುಗಳ ಕಥೆ ಹೆಚ್ಚಾಗಿ ಇದೇ. ಅಂಥವಕ್ಕೆ ಮೂರನೇ ದಾರಿ ಒಳ್ಳೆಯದು.

ಅದು ಹೆಡ್‌ನ ಲೋಹದ ಬಿಸಿ ಅಳೆಯುವ ಅಲಾರಂ. ವಾಷರ್ ಆಕಾರದ ಸೆನ್ಸರನ್ನು ಹೆಡ್ ಮೇಲಿನ ಯಾವುದಾದರೂ ಸಣ್ಣ ಬೋಲ್ಟಿನಡಿ ಬಿಗಿಯುತ್ತಾರೆ. ನೀರು ಇರಲಿ ಬಿಡಲಿ, ಲೋಹ ಕಾದರೆ ಅದು ಹೇಳುತ್ತದೆ. ಮಾಮೂಲಿ ಬಿಸಿಗಿಂತ ಹತ್ತು ಡಿಗ್ರಿ ಮೇಲಕ್ಕೆ ಅಲಾರಂ ಇಟ್ಟುಕೊಂಡರೆ ಸಾಕು. ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ಎಳೆದುಕೊಂಡು ಒಳನಾಡಿಗೆ ಹೋಗುವವರು ಇದನ್ನು ತುಂಬಾ ಬಳಸುತ್ತಾರೆ. ಅಲ್ಲಿಂದ ತರಿಸಿದರೆ ಇಲ್ಲಿಗೆ ಬರುವಷ್ಟರಲ್ಲಿ ದುಬಾರಿಯಾಗುತ್ತದೆ. ಮಟ್ಟದ ಅಲಾರಂಗಿಂತ ಸ್ವಲ್ಪ ತಡವಾಗಿ ಹೇಳುತ್ತದೆ, ಆದರೆ ಬೆಲ್ಟ್ ಹರಿದರೂ, ವಾಟರ್ ಪಂಪ್ ನಿಂತರೂ, ನೀರು ಸೋರಿದರೂ ಎಲ್ಲಕ್ಕೂ ಹೇಳುತ್ತದೆ. ಮಟ್ಟದ ಅಲಾರಂಗೆ ಸೋರಿಕೆ ಮಾತ್ರ ಗೊತ್ತು.

ಕೊನೆಗೆ ಯಾವುದನ್ನು ಹಾಕಿಸಬೇಕು? ಒತ್ತಡದ ಡಬ್ಬಿ ಇರುವ ಗಾಡಿಗೆ ಅಂಟಿಸುವ ಮಟ್ಟದ ಸೆನ್ಸರ್, ಜೊತೆಗೆ ಡಾಂಗಲ್. ಹಳೆಯ ಗಾಡಿಗೆ ಲೋಹದ ಸೆನ್ಸರ್. ಯಾವುದೇ ಹಾಕಿಸಿ, ಕೂಲೆಂಟ್ ಮಾತ್ರ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ. ಬೋರ್‌ವೆಲ್ ನೀರು ತುಂಬಿಸಿ ಓಡಿಸುವವರ ರೇಡಿಯೇಟರಿನಲ್ಲಿ ಉಪ್ಪು ಕಟ್ಟಿಕೊಂಡಿರುತ್ತದೆ. ಆಗ ಅಲಾರಂ ಕೂಗಿ ಕೂಗಿ ಸುಸ್ತಾಗಬೇಕಷ್ಟೇ.

ಇಜಿಟಿ ಗೇಜ್: ಯಾರಿಗೆ ಬೇಕು, ಯಾರಿಗೆ ಬೇಡ

ಎಕ್ಸಾಸ್ಟ್ ಅನಿಲದ ಬಿಸಿ ತೋರಿಸುವ ಗೇಜ್ ಇದು. ಎಕ್ಸಾಸ್ಟ್ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ತಳ್ಳುವ ಭಾಗವೇ ಟರ್ಬೊ. ಟರ್ಬೊ ಡೀಸೆಲ್‌ನಲ್ಲಿ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ ಆದರೆ ಈ ಬಿಸಿ ಏರುತ್ತದೆ. ಟರ್ಬೊಗೆ ಮುಂಚಿನ ಜಾಗದಲ್ಲಿ ಅಳೆದಾಗ 700 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ತುಂಬಾ ಹೊತ್ತು ನಿಲ್ಲಬಾರದು ಅನ್ನುವುದು ಡೀಸೆಲ್ ಓಡಿಸುವವರಲ್ಲಿ ರೂಢಿಯಲ್ಲಿರುವ ಲೆಕ್ಕ. ಪಿಸ್ಟನ್ ಅಲ್ಯೂಮಿನಿಯಂನದ್ದು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಕೆಳಗಿನಿಂದ ಚಿಮ್ಮುವ ಆಯಿಲ್ ಪಿಸ್ಟನ್ನನ್ನು ತಂಪಾಗಿಡುವುದರಿಂದ ಅದು ಬದುಕಿಕೊಳ್ಳುತ್ತದೆ. ಮಿತಿ ಮೀರಿದರೆ ಪಿಸ್ಟನ್ ತಲೆಯೇ ತೂತಾಗುತ್ತದೆ.

ಇದಕ್ಕೆ ಆಸ್ಟ್ರೇಲಿಯಾದಲ್ಲಿ ದೊಡ್ಡ ಉದಾಹರಣೆ ಇದೆ. 2000ದ ಸುಮಾರಿಗೆ ಬಂದ 3.0 ಲೀಟರ್ ನಿಸಾನ್ ಪ್ಯಾಟ್ರೋಲ್‌ನ ಜೆಡ್‌ಡಿ30 ಇಂಜಿನ್‌ಗೆ ಪಿಸ್ಟನ್ ಸುಡುವ ಕೆಟ್ಟ ಹೆಸರು ಬಂದು, ಜನ ಅದನ್ನು ಹ್ಯಾಂಡ್ ಗ್ರೆನೇಡ್ ಅಂತಲೇ ಕರೆದರು. ಅದನ್ನು ಇಟ್ಟುಕೊಂಡವರು ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಗೇಜು, ಇಜಿಟಿ ಗೇಜು ಎರಡೂ ಹಾಕಿಸಿ, ಕಣ್ಣಿಟ್ಟು ಓಡಿಸುವುದನ್ನು ಕಲಿತರು.

ನಮ್ಮಲ್ಲಿ? ಹೆಚ್ಚು ಶಕ್ತಿಗೆಂದು ಇಂಜಿನ್ ರೀಮ್ಯಾಪ್ ಮಾಡಿಸಿದ್ದರೆ (ಕಂಪ್ಯೂಟರಿನ ಲೆಕ್ಕ ಬದಲಿಸಿದ್ದರೆ), ಟ್ಯೂನಿಂಗ್ ಬಾಕ್ಸ್ ಹಾಕಿದ್ದರೆ, ಟ್ರೈಲರ್ ಎಳೆಯುವುದಿದ್ದರೆ, ಲೋಡು ತುಂಬಿಕೊಂಡು ಲಡಾಖ್ ಕಡೆ ಹೋಗುವುದಿದ್ದರೆ ಇದು ಬೇಕು. ಎತ್ತರದಲ್ಲಿ ಗಾಳಿ ತೆಳು. ಟರ್ಬೊ ಎಷ್ಟೇ ದುಡಿದರೂ ಬಿಸಿ ಬೇಗ ಏರುತ್ತದೆ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯಲ್ಲಿ ಕಂಪ್ಯೂಟರೇ ಡೀಸೆಲ್ ಅಳೆದು ಬಿಡುತ್ತದೆ, ಆದ್ದರಿಂದ ಇದು ಪಟ್ಟಿಯ ಕೆಳಗೆ ಹೋಗುತ್ತದೆ.

ಹಾಕಿಸುವುದೂ ಸುಲಭವಲ್ಲ. ಇಂಜಿನ್ನಿನ ಹೊಗೆ ಮೊದಲು ಹೊರಬರುವ ಪೈಪಿಗೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ, ತೂತು ಕೊರೆಯಬೇಕು. ಕೊರೆದ ಪುಡಿ ಟರ್ಬೊ ಒಳಗೆ ಹೋದರೆ ಬ್ಲೇಡು ಹಾಳು. ಮ್ಯಾನಿಫೋಲ್ಡ್ ಬಿಚ್ಚಿ ಹೊರಗೆ ತೆಗೆದು ಕೊರೆಯುವವರ ಹತ್ತಿರ ಮಾತ್ರ ಮಾಡಿಸಿ. ಇನ್ನೊಂದು ಮಾತು: ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಸಲುವಾಗಿ ಎಕ್ಸಾಸ್ಟ್ ಬಿಸಿಯ ಸೆನ್ಸರ್ ಕಂಪನಿಯೇ ಇಟ್ಟಿರುತ್ತದೆ. ನಿಮ್ಮ ಆ್ಯಪ್ ಅದನ್ನು ಓದುತ್ತದಾ ಅಂತ ಮೊದಲು ನೋಡಿ. ಟರ್ಬೊ ಆಚೆಗಿನ ಸೆನ್ಸರ್ ಆದರೆ ಅಂಕಿ ಕಮ್ಮಿ ಬರುತ್ತದೆ ಅನ್ನುವುದು ನೆನಪಿರಲಿ.

ಡೀಸೆಲ್‌ಗೆ ಎರಡನೇ ಫಿಲ್ಟರ್

ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ಬಗೆ) ಡೀಸೆಲ್ 1600 ಬಾರ್, ಅದಕ್ಕೂ ಮೇಲಿನ ಒತ್ತಡದಲ್ಲಿ ಚಿಮ್ಮುತ್ತದೆ. ಇಂಜೆಕ್ಟರ್ ಒಳಗಿನ ಸಂದುಗಳು ಮೈಕ್ರಾನ್ ಲೆಕ್ಕದವು. ಅಲ್ಲಿಗೆ ನೀರು ಹೋದರೆ ತುಕ್ಕು ಹಿಡಿಯುತ್ತದೆ, ತುದಿ ಸವೆಯುತ್ತದೆ. ಇಂಜೆಕ್ಟರ್ ತೆರೆದೇ ನಿಂತುಬಿಟ್ಟರೆ ಡೀಸೆಲ್ ಸುರಿದು ಪಿಸ್ಟನ್ ಸುಡುತ್ತದೆ. ಇಂಜೆಕ್ಟರ್ ಸೆಟ್ಟಿನ ಬೆಲೆ ಕೇಳಿದವರಿಗೆ ಗೊತ್ತು, ಫಿಲ್ಟರ್ ದುಬಾರಿಯಲ್ಲ.

ಕೊಡಗು, ಮೂಡಿಗೆರೆ, ಸಕಲೇಶಪುರದ ಕಡೆ ಎಸ್ಟೇಟಿನವರು ಪಂಪ್‌ಸೆಟ್ಟಿಗೂ ಜೀಪಿಗೂ ಅಂತ ಬ್ಯಾರಲ್ಲಿನಲ್ಲಿ ಡೀಸೆಲ್ ಇಟ್ಟುಕೊಳ್ಳುತ್ತಾರೆ. ಅರ್ಧ ಖಾಲಿ ಬ್ಯಾರಲ್ಲು, ಮಳೆಗಾಲದ ತೇವ. ಒಳಗೆ ನೀರು ಬೆವರಿ ತಳಕ್ಕೆ ಕೂರುತ್ತದೆ. ಇಂಥವರಿಗೆ ನೀರು ಬೇರ್ಪಡಿಸುವ ಎರಡನೇ ಫಿಲ್ಟರ್ ನಿಜವಾಗಿಯೂ ಬೇಕು. ಕೆಳಗೆ ಪಾರದರ್ಶಕ ಬಟ್ಟಲು ಇರುವುದನ್ನೇ ತಗೊಳ್ಳಿ, ನೀರು ಕಣ್ಣಿಗೆ ಕಾಣುತ್ತದೆ.

ಕಂಪನಿ ಫಿಲ್ಟರಿನ ಮುಂಚೆ ಹಾಕುವುದೋ, ಆಮೇಲೆ ಹಾಕುವುದೋ? ಟ್ಯಾಂಕಿನಿಂದ ಬರುವ ಕಡೆ, ಮುಂಚೆಯೇ ಹಾಕಿ. ಹೊಸ ಹೋಸಿನೊಳಗೆ ಕಸ ಉಳಿದಿದ್ದರೂ ಅದನ್ನು ಕಂಪನಿ ಫಿಲ್ಟರ್ ಹಿಡಿದುಕೊಳ್ಳುತ್ತದೆ. ಆಮೇಲೆ ಹಾಕಿದರೆ ಆ ಕಸ ನೇರ ಪಂಪಿಗೆ. ತೊಂದರೆ ಏನೆಂದರೆ ಜಾಯಿಂಟು ಸಡಿಲವಾದರೆ ಗಾಳಿ ಎಳೆಯುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸಿಟಿಯಲ್ಲಿ ಓಡಾಟ ಇರುವ ಬಂಕಿನಲ್ಲೇ ಹಾಕಿಸಿಕೊಳ್ಳುವವರಿಗೆ ಇದು ಬೇಡ. ಕಂಪನಿ ಫಿಲ್ಟರಿನ ನೀರು ಆಗಾಗ ಇಳಿಸಿ, ಫಿಲ್ಟರನ್ನು ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆ ಬದಲಿಸಿದರೆ ಆಯಿತು.

ಆಯಿಲ್: ಗೇಜಿಗಿಂತ ಡಿಪ್‌ಸ್ಟಿಕ್

ಆಯಿಲ್ ಪ್ರೆಶರ್ ಗೇಜ್ ಕೇಳುವವರೂ ಇದ್ದಾರೆ. ಕಂಪನಿಯ ಕೆಂಪು ದೀಪ ಒತ್ತಡ ಪೂರ್ತಿ ಬಿದ್ದ ಮೇಲೆಯೇ ಹೊತ್ತುವುದು ಅನ್ನುವುದು ನಿಜ. ಗೇಜ್ ಇದ್ದರೆ ವರ್ಷದಿಂದ ವರ್ಷಕ್ಕೆ ಒತ್ತಡ ಇಳಿಯುವುದು ಗೊತ್ತಾಗುತ್ತದೆ. ಹಳೆಯ 3.0 ಲೀಟರ್ ಫಾರ್ಚೂನರ್ ಇದ್ದವರಿಗೆ ಇದು ಉಪಯೋಗಕ್ಕೆ ಬರಬಹುದು. ಅದರ 1ಕೆಡಿ ಇಂಜಿನ್ ಹೈಲಕ್ಸ್, ಪ್ರಾಡೊಗಳಲ್ಲೂ ಇತ್ತು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರಿ, ಸುಟ್ಟ ಅನಿಲ ಆಯಿಲಿಗೆ ಸೇರಿ, ಕರಿ ಗಟ್ಟಿಯಾಗಿ ಇಂಜಿನ್ ತಳದ ಆಯಿಲ್ ತೊಟ್ಟಿಯೊಳಗಿನ (ಸಂಪ್) ಜಾಲರಿ ಕಟ್ಟಿಕೊಳ್ಳುವುದು ಈ ಇಂಜಿನ್ನಿನ ಹೆಸರಾಂತ ಕಾಯಿಲೆ. ಗೇಜ್ ಹಾಕಿಸುವ ದುಡ್ಡಿಗೆ ಆ ವಾಷರ್‌ಗಳನ್ನೇ ಬದಲಿಸಿ, ಜಾಲರಿ ಒಮ್ಮೆ ನೋಡಿಸುವುದು ಇನ್ನೂ ಜಾಣತನ.

ಉಳಿದವರಿಗೆ ಡಿಪ್‌ಸ್ಟಿಕ್ ಸಾಕು. ಆದರೆ ಈಗ ಅದನ್ನು ಓದುವ ರೀತಿ ಬದಲಾಗಿದೆ. ಮೊದಲೆಲ್ಲ ಆಯಿಲ್ ಕಮ್ಮಿಯಾಗಿದೆಯಾ ಅಂತ ನೋಡುತ್ತಿದ್ದೆವು. 2020ರ ಏಪ್ರಿಲ್ ಆಮೇಲಿನ ಬಿಎಸ್6 ಗಾಡಿಗಳಲ್ಲಿ ಜಾಸ್ತಿಯಾಗಿದೆಯಾ ಅಂತಲೂ ನೋಡಬೇಕು. ಡಿಪಿಎಫ್ ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಬಿಟ್ಟು ಅದರ ಮಸಿ ಸುಡುತ್ತದೆ. ಆ ಸುಡುವ ಕೆಲಸ ಮುಗಿಯುವ ಮುಂಚೆಯೇ ನೀವು ಮನೆ ತಲುಪಿ ಕೀ ತಿರುಗಿಸಿದರೆ ಸ್ವಲ್ಪ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ದಿನಾ ಹೀಗೇ ಆದರೆ ಆಯಿಲ್ ತೆಳುವಾಗುತ್ತದೆ, ಮಟ್ಟ ಏರುತ್ತದೆ, ಬೇರಿಂಗಿಗೆ ಪದರ ಸಿಗುವುದಿಲ್ಲ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಿಸಿ. ಬೆಂಗಳೂರಿನೊಳಗೇ ಓಡಿಸುವವರು ವಾರಕ್ಕೊಮ್ಮೆಯಾದರೂ ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಡಿಪಿಎಫ್ ತೆಗೆಸಿಬಿಡಿ ಅನ್ನುವವರ ಮಾತು ಕೇಳಬೇಡಿ. ಅದು ಕಾನೂನಿಗೆ ವಿರುದ್ಧ.

ಆಯಿಲ್ ಗ್ರೇಡ್ ಕೈಪಿಡಿಯದ್ದೇ ಇರಲಿ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಮ್ಮಿ ಬಿಡುವ ಆಯಿಲೇ ಬೇಕು. ಎಸ್ಟೇಟ್, ಟ್ರೈಲರ್, ಘಾಟಿ ಓಡಾಟ ಇದ್ದರೆ ಕಂಪನಿ ಹೇಳಿದ ಕಿಲೋಮೀಟರಿನ ಅರ್ಧಕ್ಕೆ ಬದಲಿಸುವುದು ನನ್ನ ಸಲಹೆ. ಇಡೀ ಪಟ್ಟಿಯಲ್ಲಿ ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಲಾಭ ಕೊಡುವುದು ಬೇರೆ ಇಲ್ಲ.

ಸ್ನಾರ್ಕೆಲ್, ಅಥವಾ ಒಂದು ಇನ್ಶೂರೆನ್ಸ್ ಸೇರ್ಪಡೆ

ನೀರು ಗಾಳಿದಾರಿಯಿಂದ ಸಿಲಿಂಡರಿಗೆ ಹೋದರೆ ಪಿಸ್ಟನ್ ಅದನ್ನು ಒತ್ತಲಾರದು, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹೊಸ ಥಾರ್‌ಗೆ ಕಂಪನಿ ಹೇಳುವ ನೀರಿನ ಆಳ 650 ಮಿಲಿಮೀಟರ್, ಫೋರ್ಸ್ ಕಂಪನಿಯ ಗೂರ್ಖಾಗೆ 700. ಗೂರ್ಖಾಗೆ ಸ್ನಾರ್ಕೆಲ್ ಕಂಪನಿಯಿಂದಲೇ ಬರುತ್ತದೆ. ಹೊಳೆ ದಾಟಿ ಮನೆಗೆ ಹೋಗುವವರಿಗೆ ಸ್ನಾರ್ಕೆಲ್ ಬೇಕು, ಸಂಶಯವಿಲ್ಲ. ಸಂಡೂರು ಕಡೆಯ ಅದಿರಿನ ಧೂಳಿನಲ್ಲಿ ಲಾರಿಗಳ ಹಿಂದೆ ಓಡಿಸುವವರಿಗೂ ಲಾಭ ಇದೆ, ಎತ್ತರದ ಗಾಳಿಯಲ್ಲಿ ಧೂಳು ಕಮ್ಮಿ. ಆದರೆ ಅಗ್ಗದ ಸ್ನಾರ್ಕೆಲ್ ಬಹಳಷ್ಟು ಬರೀ ಶೋಕಿಗೆ. ಜಾಯಿಂಟುಗಳು ಸೀಲ್ ಆಗಿರುವುದಿಲ್ಲ, ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ನೀರಿಳಿಯುವ ತೂತು ಹಾಗೇ ಇರುತ್ತದೆ. ನೀರು ಅಲ್ಲಿಂದಲೇ ಒಳಗೆ ಬರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆ ಮುಳುಗಿದ್ದು ನೆನಪಿದೆ ಅಲ್ವಾ? ಅಂಥ ನೀರಿಗೆ ಹೆದರುವ ಸಿಟಿಯವರಿಗೆ ಸ್ನಾರ್ಕೆಲ್‌ಗಿಂತ ಇನ್ಶೂರೆನ್ಸಿನ ಇಂಜಿನ್ ಪ್ರೊಟೆಕ್ಟ್ ಸೇರ್ಪಡೆ ಒಳ್ಳೆಯ ಆಯ್ಕೆ. ಅದು ಇಲ್ಲದ ಪಾಲಿಸಿಯಲ್ಲಿ ನೀರು ನುಗ್ಗಿ ಕೆಟ್ಟ ಇಂಜಿನ್‌ಗೆ ದುಡ್ಡು ಸಿಗುವುದು ಕಷ್ಟ. ಷರತ್ತುಗಳನ್ನು ಓದಿ. ಮತ್ತೆ, ನೀರಲ್ಲಿ ಇಂಜಿನ್ ನಿಂತರೆ ಸೆಲ್ಫ್ ಹೊಡೆಯಲೇಬೇಡಿ. ರಾಡ್ ಬಗ್ಗುವುದು ಎಷ್ಟೋ ಸಲ ಆ ಎರಡನೇ ಪ್ರಯತ್ನದಲ್ಲೇ.

ಉಳಿದ ಸಣ್ಣಪುಟ್ಟವು

ಕ್ಯಾಚ್ ಕ್ಯಾನ್ ಆಯಿಲ್ ಆವಿಯನ್ನು ಹಿಡಿದು ಇನ್‌ಟೇಕ್ ಸ್ವಚ್ಛವಾಗಿಡುತ್ತದೆ, ಇಂಜಿನ್ ಸಾವು ತಡೆಯುವ ವಸ್ತು ಅದಲ್ಲ. ಖಾಲಿ ಮಾಡಲು ಮರೆತು ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಆಯಿಲ್ ಸೀಲ್ ಹೊರಗೆ ಬರುತ್ತದೆ. ಕೀ ತೆಗೆದ ಮೇಲೂ ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಟರ್ಬೊ ತಣಿಸುವ ಟರ್ಬೊ ಟೈಮರ್ ಸುಮ್ನೆ ಖರ್ಚು. ಘಾಟಿ ಹತ್ತಿ ನಿಲ್ಲಿಸಿದಾಗ ಒಂದೆರಡು ನಿಮಿಷ ಐಡಲ್ ಬಿಟ್ಟರೆ ಅದೇ ಕೆಲಸ ಪುಕ್ಕಟೆ ಆಗುತ್ತದೆ. ಎಣ್ಣೆ ಹಚ್ಚಿದ ಹತ್ತಿಯ ಏರ್ ಫಿಲ್ಟರ್ ಧೂಳಿನ ಊರಿಗೆ ಬೇಡ, ಕಂಪನಿಯ ಪೇಪರ್ ಫಿಲ್ಟರ್ ಸರಿಯಾಗಿ ಕೂತಿದೆಯಾ ನೋಡಿಕೊಳ್ಳಿ.

ಬಜೆಟ್ ಪ್ರಕಾರ

ಐದು ಸಾವಿರ ಇದ್ದರೆ ಡಾಂಗಲ್, ಅಂಟಿಸುವ ಕೂಲೆಂಟ್ ಸೆನ್ಸರ್, ಹೊಸ ಡೀಸೆಲ್ ಫಿಲ್ಟರ್. ಸಿಟಿಯವರಾದರೆ ಸೆನ್ಸರ್ ಬಿಟ್ಟು ಆ ದುಡ್ಡನ್ನು ಬೇಗ ಆಯಿಲ್ ಬದಲಿಸಲು ಇಟ್ಟುಕೊಳ್ಳಿ. ಹದಿನೈದು ಸಾವಿರದವರೆಗೆ ಹೋಗಬಲ್ಲ ಎಸ್ಟೇಟಿನವರು ಇದರ ಮೇಲೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಲಿ. ಲಡಾಖ್, ಟ್ರೈಲರ್, ರೀಮ್ಯಾಪ್ ಮಂದಿಗೆ ಅದೇ ಜಾಗದಲ್ಲಿ ಇಜಿಟಿ ಗೇಜ್. ವಾರಂಟಿ ಇನ್ನೂ ಇದ್ದರೆ ಕತ್ತರಿಸುವ, ಕೊರೆಯುವ ಕೆಲಸ ಎಲ್ಲ ಮುಂದಕ್ಕೆ ಹಾಕಿ.

ಏಳೆಂಟು ವರ್ಷ ದಾಟಿದ ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಾ? ಹಾಗಾದರೆ ಯಾವ ಗೇಜೂ ಈಗ ಬೇಡ. ಮೊದಲು ರೇಡಿಯೇಟರ್ ಹೋಸ್‌ಗಳು, ಮುಚ್ಚಳ, ಬೆಲ್ಟು, ಥರ್ಮೋಸ್ಟಾಟ್ ಒಟ್ಟಿಗೆ ಬದಲಿಸಿ. ರೇಡಿಯೇಟರನ್ನು ಹೊರಗೆ ತೆಗೆಸಿ ತೊಳೆಸಿ, ಹೊಸ ಕೂಲೆಂಟ್ ತುಂಬಿಸಿ. ತಿಂಗಳು ಓಡಿಸಿ ನೋಡಿ, ಡಬ್ಬಿಯ ಮಟ್ಟ ಇಳಿಯದಿದ್ದರೆ ಆಮೇಲೆ ಅಲಾರಂ ಕೊಳ್ಳಿ. ಇಳಿಯುತ್ತಿದ್ದರೆ ಆ ದುಡ್ಡನ್ನು ಹೆಡ್ ಗ್ಯಾಸ್ಕೆಟ್ ನೋಡಿಸಲು ಇಟ್ಟುಕೊಳ್ಳಿ.